ರಾಜಕಾಲುವೆಗೆ ಮೀನು ಬರಬೇಕಾದರೆ ಮೊದಲು ತಳ ನೋಡಿ

ಬೆಂಗಳೂರಿನ ರಾಜಕಾಲುವೆಗಳ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗಳ, ಅಭಿವೃದ್ಧಿಯ ನಕ್ಷೆಗಳನ್ನು ನೋಡುವುದು ನನ್ನ ಕೆಲಸದ ಒಂದು ಭಾಗ. ಗೋಡೆ ಎಷ್ಟೆತ್ತರ, ವಾಕಿಂಗ್ ದಾರಿ ಎಷ್ಟಗಲ, ದೀಪ ಎಲ್ಲೆಲ್ಲಿ, ಎಲ್ಲ ಇರುತ್ತದೆ. ತಳಕ್ಕೆ ಏನು ಹಾಕ್ತೀರಿ ಅಂದರೆ ಬಹಳ ಸಲ ಸಿಗುವ ಉತ್ತರ ಕಾಂಕ್ರೀಟ್. ಹಳ್ಳದ ಜೀವ ಇರುವುದೇ ತಳದಲ್ಲಿ. ಅದನ್ನು ಮುಚ್ಚಿದ ಮೇಲೆ ಎಷ್ಟು ತಿಳಿ ನೀರು ಹರಿದರೂ ಅದು ಚರಂಡಿಯೇ.

ಊರಾಚೆಯ ಒಳ್ಳೆಯ ಹಳ್ಳದಲ್ಲಿ ಮುಷ್ಟಿಗಾತ್ರದ ಕಲ್ಲೊಂದನ್ನು ಎತ್ತಿ ತಿರುಗಿಸಿ. ಅಡಿಯಲ್ಲಿ ಚಪ್ಪಟೆ ಮರಿಹುಳಗಳು ಅಂಟಿಕೊಂಡಿರುತ್ತವೆ. ಹಿಂದೆ ಬಾಲದ ಎಳೆಗಳು, ಹೊಟ್ಟೆಯ ಪಕ್ಕದಲ್ಲಿ ಸಣ್ಣಗೆ ಅಲುಗುವ ಕಿವಿರು. ಅವು ಮೇಫ್ಲೈ ಎಂಬ ಕೀಟದ ಮರಿಗಳು. ಪಕ್ಕದಲ್ಲೇ ಮರಳಿನ ಕಣ ಅಂಟಿಸಿ ಗೂಡು ಮಾಡಿಕೊಂಡ ಕ್ಯಾಡಿಸ್ ಹುಳ. ಕೊಳಚೆ ಸೇರುವ ಜಾಗದಲ್ಲಿ ಕಲ್ಲೆತ್ತಿದರೆ ಕರೀ ಕೆಸರು, ಅದರಲ್ಲಿ ಕೆಂಪು ದಾರದಂಥ ಹುಳುಗಳು. ಆ ಕೆಂಪು ಹಿಮೋಗ್ಲೋಬಿನ್‌ನದು. ಆಮ್ಲಜನಕ ತೀರಾ ಕಮ್ಮಿ ಇರುವ ಕಡೆ ಅವು ಬದುಕುವುದು ಅದರ ಬಲದಿಂದ. ಕಲ್ಲಡಿ ಯಾವ ಹುಳ ಇದೆ ಅಂತ ನೋಡಿದರೆ ಲ್ಯಾಬ್ ರಿಪೋರ್ಟ್ ಬರುವ ಮೊದಲೇ ನೀರಿನ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ.

‘ಮೀನಿದೆಯಲ್ಲ ಸಾರ್, ನೀರು ಚೆನ್ನಾಗಿದೆ ಅಲ್ವಾ?’ ಅಂತ ಜನ ಕೇಳುತ್ತಾರೆ. ಯಾವ ಮೀನು ಅಂತ ನೋಡಬೇಕು. ಆಫ್ರಿಕನ್ ಕ್ಯಾಟ್‌ಫಿಷ್ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಜಿಲೇಬಿ ಮೀನು ಎಂಥ ಕೊಳಕನ್ನೂ ತಡೆಯುತ್ತದೆ. ಬರೀ ಇವೇ ತುಂಬಿದ್ದರೆ ಅದು ಕೆಟ್ಟ ಸುದ್ದಿ.

ಮೀನು, ಕಾಡುಜೀವಿಗಳಿಗೆ ಆಗುವ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಸರಿ, ಆದರೆ ಅಳೆಯುವುದು ಯಾವಾಗ? ಬಿಸಿಲೇರಿದ ಮೇಲೆ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ, ಮೀಟರ್ ಚೆನ್ನಾಗಿಯೇ ತೋರಿಸುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಉಸಿರುಗಟ್ಟುವುದು ಬೆಳಗಿನ ಜಾವ. ಸೂರ್ಯ ಹುಟ್ಟುವ ಮುಂಚೆ ಅಳೆಯದ ರಿಪೋರ್ಟನ್ನು ನಾನು ನಂಬುವುದಿಲ್ಲ.

ಕೊಳಚೆ ಪೈಪುಗಳನ್ನು ಕಾಲುವೆಯಿಂದ ತಪ್ಪಿಸುವುದೇ ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು ಬಿಡುವುದಾದರೆ ಅದರಲ್ಲಿ ಕ್ಲೋರಿನ್, ಅಮೋನಿಯಾ ಉಳಿದಿರಬಾರದು. ನಮ್ಮ ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಮೀನಿಗೆ ವಿಷವಾಗಬಹುದು.

ಆಮೇಲೆ ತಳ. ನಡುವೆ ಒಂದು ಕಿರಿದಾದ, ಸ್ವಲ್ಪ ಅಂಕುಡೊಂಕಾದ ಓಣಿ ಬೇಕು. ಬೇಸಿಗೆಯ ಅಷ್ಟಿಷ್ಟು ನೀರು ಅಲ್ಲಿ ಕೂಡಿಕೊಂಡು ಹರಿಯಬೇಕು. ಎರಡೂ ಬದಿ ಅಗಲವಾದ ಜಾಗ ಮಳೆಯ ಪ್ರವಾಹಕ್ಕೆ. ಕಲ್ಲು, ಗುಂಡಿ, ಮರಳು ಮೂರೂ ಇರಲಿ. ದಡದಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ. ನೆರಳಿದ್ದರೆ ನೀರು ಕಾಯುವುದಿಲ್ಲ. ‘ಕಲ್ಲು ಹಾಕಿದರೆ ನೀರು ನಿಂತು ಮನೆಗೆ ನುಗ್ಗಲ್ವಾ?’ ಅಂತ ಎಂಜಿನಿಯರ್‌ಗಳು ಕೇಳುವುದು ನ್ಯಾಯವೇ. ಅಗಲ ಇಲ್ಲದ ಕಡೆ ಇದನ್ನು ಮಾಡಲು ಆಗುವುದಿಲ್ಲ. ಬಫರ್ ಜಾಗ, ಅಂದರೆ ಕಾಲುವೆಯ ಪಕ್ಕ ಏನೂ ಕಟ್ಟದೆ ಬಿಡುವ ಜಾಗ, ಉಳಿಸಿ ಅಂತ ನಾವು ಹಟ ಹಿಡಿಯುವುದು ಅದಕ್ಕೇ.

ಸಿಂಗಪುರದ ಬಿಶಾನ್‌ನಲ್ಲಿ ಕಲಾಂಗ್ ನದಿಯ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು ಒಡೆದು, ಪಾರ್ಕಿನ ಜಾಗದಲ್ಲಿ ಬಳುಕುವ ಹೊಳೆ ಮಾಡಿದರು. 2012ರಲ್ಲಿ ಕೆಲಸ ಮುಗಿಯಿತು. ಮಳೆ ಜೋರಾದರೆ ಪಾರ್ಕೇ ನೀರು ಹಿಡಿಯುತ್ತದೆ. ಯಾರೂ ತಂದು ಬಿಡದಿದ್ದರೂ ನೀರುನಾಯಿಗಳು ತಾವಾಗಿ ಬಂದವು.

ಬೆಂಗಳೂರಿನ ಕಾಲುವೆಗಳು ಕೆರೆಯಿಂದ ಕೆರೆಗೆ ಕೋಡಿ ನೀರು ಒಯ್ಯುತ್ತಿದ್ದವು. ಮಲೆನಾಡಲ್ಲಿ ಹತ್ತುಮೀನು (ಮಳೆಗಾಲದಲ್ಲಿ ಹಳ್ಳ ಹತ್ತಿ ಬರುವ ಮೀನು) ನೋಡಿದವರಿಗೆ ಗೊತ್ತು, ಹೊಸ ನೀರು ಬಂದರೆ ಮೀನು ಎದುರು ಈಜಿ ಮೇಲೇರುತ್ತದೆ. ದಾರಿಯಲ್ಲಿ ಮೂರಡಿ ಕಾಂಕ್ರೀಟ್ ಮೆಟ್ಟಿಲು ಸಿಕ್ಕರೆ ಅದರ ಪ್ರಯಾಣ ಅಲ್ಲಿಗೇ ಮುಗಿಯಿತು. ಅಲ್ಲಿ ಕಲ್ಲು ಜೋಡಿಸಿ ಇಳಿಜಾರು ಮಾಡಿಕೊಟ್ಟರೆ ಸಾಕು. ಮೀನಿನ ಮರಿ ಕೊಂಡು ತಂದು ಫೋಟೋಗೆ ಬಿಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಸೊಳ್ಳೆಗೆಂದು ಗಪ್ಪಿ, ಗ್ಯಾಂಬೂಸಿಯಾ ಎಂಬ ಹೊರದೇಶದ ಪುಟ್ಟ ಮೀನುಗಳನ್ನು ತಂದು ಸುರಿಯುವುದಂತೂ ನಿಲ್ಲಬೇಕು. ಗ್ಯಾಂಬೂಸಿಯಾ ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಮರಿಗಳನ್ನೂ ಬಿಡುವುದಿಲ್ಲ. ತಲೆಯ ಮೇಲೆ ಬೆಳ್ಳಿ ಚುಕ್ಕೆ ಇರುವ ನಮ್ಮದೇ ಪುಟ್ಟ ಮೀನು ಅಪ್ಲೋಕೈಲಸ್ ನೀರಿನ ಮೇಲ್ಭಾಗದಲ್ಲೇ ತಿರುಗುತ್ತ ಸೊಳ್ಳೆ ಮರಿ ತಿನ್ನುತ್ತದೆ. ಮೊಟ್ಟೆ ಅಂಟಿಸಲು ಅದಕ್ಕೆ ದಡದ ಗಿಡ, ಬೇರು ಬೇಕು. ನಾವೋ ಹೂಳು ತೆಗೆಯುವ ನೆಪದಲ್ಲಿ ಜೆಸಿಬಿ ಇಳಿಸಿ ಎರಡೂ ದಡ ಬೋಳು ಮಾಡುತ್ತೇವೆ. ಈ ವರ್ಷ ಒಂದು ದಡ, ಮುಂದಿನ ವರ್ಷ ಇನ್ನೊಂದು ಅಂತ ಟೆಂಡರಿನಲ್ಲೇ ಬರೆಸಬಹುದು.