ಸದ್ದಿಲ್ಲದ ಸಿನಿಮಾಕ್ಕೆ ತಾಳ ಹಾಕಿದವರು

ಎಡಿಟಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಒಂದು ಮೂಕಿ ಚಿತ್ರದ ತುಣುಕು ತೋರಿಸುತ್ತೇನೆ. ಹಾಲಿವುಡ್ ನಿರ್ದೇಶಕ ಕಿಂಗ್ ವಿಡೋರ್ 1925ರಲ್ಲಿ ಮಾಡಿದ ‘ದಿ ಬಿಗ್ ಪರೇಡ್’. ಮೊದಲ ಮಹಾಯುದ್ಧದ ಕಥೆ. ಅಮೆರಿಕದ ಸೈನಿಕರು ಕಾಡಿನೊಳಗೆ ಸಾಲಾಗಿ ನಡೆಯುತ್ತಾರೆ. ಓಟವಿಲ್ಲ, ಗಡಿಬಿಡಿಯಿಲ್ಲ. ಒಬ್ಬ ಗುಂಡು ತಗುಲಿ ಬೀಳುತ್ತಾನೆ. ಉಳಿದವರದು ಅದೇ ಹೆಜ್ಜೆ. ಸ್ಪೀಕರ್ ಬಂದ್ ಮಾಡಿರುತ್ತೇನೆ. ಆದರೂ ನೋಡುತ್ತಾ ಕೂತವರ ಕಾಲು ಸುಮ್ನೆ ಇರುವುದಿಲ್ಲ, ನೆಲಕ್ಕೆ ತಾಳ ಹಾಕುತ್ತಿರುತ್ತದೆ.

ಆ ತಾಳ ಎಡಿಟಿಂಗ್ ಟೇಬಲ್ಲಿನಲ್ಲಿ ಹುಟ್ಟಿದ್ದಲ್ಲ. ಶೂಟಿಂಗಿಗೆ ಮೊದಲು ವಿಡೋರ್, ಸೈನ್ಯದವರೇ ತೆಗೆದಿದ್ದ ಯುದ್ಧದ ರೀಲುಗಳನ್ನು ಕೂತು ನೋಡಿದ್ದರು. ಅದರಲ್ಲೊಂದು ಶವಯಾತ್ರೆ. ಕುದುರೆಗಳ, ಸೈನಿಕರ ಆ ನಿಧಾನ ನಡಿಗೆ ಅವರ ತಲೆಯಲ್ಲಿ ಕೂತುಬಿಟ್ಟಿತು. ಟಿಕ್ ಟಿಕ್ ಎಂದು ತಾಳ ಕೊಡುವ ಮೆಟ್ರೊನೋಮ್ ತಂದು ಆ ನಡಿಗೆಗೆ ಹೊಂದಿಸಿದರು. ಶೂಟಿಂಗಿನಲ್ಲಿ ಅದೇ ಲಯಕ್ಕೆ ದೊಡ್ಡ ಡ್ರಮ್ ಬಾರಿಸಿದರು. ಹೆಜ್ಜೆ ಇಡುವುದು, ತಲೆ ತಿರುಗಿಸುವುದು, ಸತ್ತು ಬೀಳುವುದು, ಎಲ್ಲವೂ ಡ್ರಮ್ಮಿನ ಏಟಿಗೇ. ಗುಂಪಿನಲ್ಲಿದ್ದ ಒಬ್ಬ ಹಳೇ ಬ್ರಿಟಿಷ್ ಸೈನಿಕ, ಇದೇನು ಬ್ಯಾಲೆ ಕುಣಿತವಾ ಅಂತ ಗೊಣಗಿದನಂತೆ. ಅದು ಸಾವಿನ ಬ್ಯಾಲೆಯೇ ಆಗಿತ್ತು ಎಂದು ವಿಡೋರ್ ಆಮೇಲೆ ಬರೆದುಕೊಂಡರು.

ಮೈಕ್ ಇಲ್ಲದ ಕಾಲದ ದೊಡ್ಡ ಅನುಕೂಲ ಇದು. ಡ್ರಮ್ ಬಾರಿಸಬಹುದು, ಶಾಟ್ ನಡೆಯುವಾಗಲೇ ನಿರ್ದೇಶಕ ಕೂಗಿ ಹೇಳಬಹುದು. ಈಗ ನಮ್ಮ ಹತ್ತಿರ ಬರುವವರದು ಉಲ್ಟಾ ಬೇಡಿಕೆ: ‘ಸೀನು ಸಪ್ಪೆಯಾಗಿದೆ, ಕಟ್ ಜಾಸ್ತಿ ಮಾಡಿ ಸ್ಪೀಡ್ ಕೊಡಿ.’ ನಡೆಯುವವನ ಕಾಲಲ್ಲೇ ಇಲ್ಲದ ಲಯವನ್ನು ಕತ್ತರಿ ಎಲ್ಲಿಂದ ತರಬೇಕು?

ಅಂದಹಾಗೆ, ಮೂಕಿ ಚಿತ್ರದ ಜನ ಪಟಪಟ ಓಡುವ ಗೊಂಬೆಗಳು ಅಂತ ನಗುವವರಿದ್ದಾರೆ ಅಲ್ವಾ? ತಪ್ಪು ಆ ಚಿತ್ರದವರದಲ್ಲ. ಆಗ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಎರಡು ಸುತ್ತು ಅಂದರೆ 16 ಫ್ರೇಮು (ಬಿಡಿ ಚಿತ್ರ). ಅದನ್ನೇ ಟಾಕಿಯ 24 ಫ್ರೇಮಿನಲ್ಲಿ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ಜೋರಾಗಿ ಓಡುತ್ತಾರೆ.

ಟಾಕಿ ಬಂದಾಗ ಬಹಳ ನಿರ್ದೇಶಕರು ಕ್ಯಾಮೆರಾವನ್ನು ಮೈಕಿಗೆ ಕಟ್ಟಿಹಾಕಿದರು. ವಿಡೋರ್ ಹಾಗೆ ಮಾಡಲಿಲ್ಲ. 1929ರ ‘ಹಲ್ಲೆಲುಯಾ’ದ ಹೊರಾಂಗಣ ದೃಶ್ಯಗಳನ್ನು ಸದ್ದಿಲ್ಲದೆ ತೆಗೆದು, ಶಬ್ದವನ್ನು ಆಮೇಲೆ ಕೂರಿಸಿದರು. ಆ ಎಡಿಟರ್ ಪಟ್ಟ ಪಾಡು ನೆನೆದರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ.

ನಿರ್ದೇಶನಕ್ಕೆ ಐದು ಸಲ ಆಸ್ಕರ್‌ಗೆ ವಿಡೋರ್ ಹೆಸರು ಹೋಯಿತು, ಒಮ್ಮೆಯೂ ಗೆಲ್ಲಲಿಲ್ಲ. ಕೊನೆಗೆ 1979ರಲ್ಲಿ ಗೌರವ ಆಸ್ಕರ್ ಕೊಟ್ಟರು. 1939ರ ‘ದಿ ವಿಝರ್ಡ್ ಆಫ್ ಓಝ್’ನ ಕಪ್ಪುಬಿಳುಪು ಭಾಗವನ್ನೂ ಮುಖ್ಯವಾಗಿ ತೆಗೆದವರು ಇವರೇ. ಪರದೆಯ ಮೇಲೆ ಹೆಸರಿಲ್ಲ. ಅಲ್ಲಿ ನಾಯಕಿ ಜೂಡಿ ಗಾರ್ಲೆಂಡ್ ಹಾಡುತ್ತಾ ಅಂಗಳದಲ್ಲಿ ಓಡಾಡುವ ಶಾಟನ್ನು ಒಮ್ಮೆ ಸೌಂಡ್ ಬಂದ್ ಮಾಡಿ ನೋಡಿ.