ನೂರಕ್ಕೆ ನೂರು ಅಂದರೆ ಯಾವ ನೂರು?

ಎಸ್‌ಎಸ್‌ಸಿ, ಅಂದರೆ ಮಹಾರಾಷ್ಟ್ರದ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯ ರಿಸಲ್ಟ್ ಬಂದ ವಾರ ಮುಂಬಯಿಯ ಶಾಲೆಗಳ ಗೇಟಿಗೆ ಬ್ಯಾನರ್ ಏರುತ್ತದೆ. ‘ನೂರಕ್ಕೆ ನೂರು ಫಲಿತಾಂಶ’ ಅಂತ ದಪ್ಪ ಅಕ್ಷರ. ಕೆಳಗೆ ಮಕ್ಕಳ ಫೋಟೊ, ಅದಕ್ಕಿಂತ ದೊಡ್ಡದಾಗಿ ಏರಿಯಾದ ಲೀಡರ್‌ಗಳ ಫೋಟೊ. ಮಕ್ಕಳು ಓದಿದ್ದಾರೆ, ಟೀಚರ್‌ಗಳು ದುಡಿದಿದ್ದಾರೆ. ಖುಷಿಪಡೋಣ. ಆದರೆ ನಾನು ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿದವಳು, ಈಗ ಪಾಲಕರ ಸಮಿತಿಗಳ ಜೊತೆ ಕೂತು ಶಾಲೆಯ ಲೆಕ್ಕ ನೋಡುವವಳು. ಹಾಗಾಗಿ ಬ್ಯಾನರ್ ಕಂಡಾಗ ಒಂದು ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ. ಹೋದ ವರ್ಷ ಇವರ ಜೊತೆ ಒಂಬತ್ತನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದರು?

ಸುಮ್ನೆ ಲೆಕ್ಕಕ್ಕೆ ಎರಡು ಶಾಲೆ ಅಂದುಕೊಳ್ಳಿ. ಎರಡರಲ್ಲೂ ಒಂಬತ್ತನೇ ಕ್ಲಾಸಲ್ಲಿ 40 ಮಕ್ಕಳು. ಮೊದಲ ಶಾಲೆಯಿಂದ ಹತ್ತನೆಯ ಪರೀಕ್ಷೆಗೆ ಕೂತವರು 28, ಪಾಸಾದವರೂ 28. ರಿಸಲ್ಟ್ ನೂರಕ್ಕೆ ನೂರು. ಎರಡನೆಯ ಶಾಲೆಯಿಂದ ಕೂತವರು 38, ಪಾಸಾದವರು 33. ರಿಸಲ್ಟ್ 87ರ ಹತ್ತಿರ. ಬ್ಯಾನರ್ ಮೊದಲ ಶಾಲೆಗೆ. ಆದರೆ ಹತ್ತನೇ ದಾಟಿದ ಮಕ್ಕಳು ಎಲ್ಲಿ ಜಾಸ್ತಿ? ಎರಡನೆಯ ಶಾಲೆಯಲ್ಲಿ, ಅಲ್ವಾ?

ಹಾಗಾದರೆ ಆ 12 ಮಕ್ಕಳು ಎಲ್ಲಿ ಹೋದರು? ಕೆಲವರು ಊರಿಗೆ, ಕೆಲವರು ಕೆಲಸಕ್ಕೆ. ಇನ್ನು ಕೆಲವರ ಕೈಗೆ ಸತ್ರಾ ನಂಬರ್ ಫಾರ್ಮ್ ಬರುತ್ತದೆ. ಅದು ಮಹಾರಾಷ್ಟ್ರ ಬೋರ್ಡಿನ 17ನೇ ನಂಬರಿನ ಅರ್ಜಿ. ಶಾಲೆ ಬಿಟ್ಟವರು ಹೊರಗಿನಿಂದ ಪರೀಕ್ಷೆಗೆ ಕೂರಲಿ ಅಂತ ಇರುವ ದಾರಿ. ಮನೆಗೆಲಸ ಮಾಡುವ ಹುಡುಗಿಯರಿಗೆ, ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಅದು ದೊಡ್ಡ ಉಪಕಾರ. ಆದರೆ ‘ನಿಮ್ಮ ಮಗ ನಮ್ಮ ಶಾಲೆಯಿಂದ ಬೇಡ, ಸತ್ರಾ ನಂಬರ್ ತುಂಬಿಸಿ’ ಅಂತ ಹೆಡ್‌ಮಾಸ್ಟರ್ ಕೋಣೆಯಲ್ಲಿ ಪಾಲಕರಿಗೆ ಹೇಳಿದರೆ, ಅದೇ ದಾರಿ ಶಾಲೆಯ ಪರ್ಸೆಂಟೇಜ್ ಕಾಯುವ ಉಪಾಯವಾಗುತ್ತದೆ. ಎಲ್ಲ ಶಾಲೆಗಳೂ ಹೀಗೆ ಮಾಡುತ್ತವೆ ಅಂತ ಅಲ್ಲ. ಹಾಗೆ ಹೇಳಿದರೆ ಮಾತ್ರ ಪಾಲಕರು ತಲೆಯಾಡಿಸಿ ಬರಬೇಡಿ. ಬರಹದಲ್ಲಿ ಕೊಡಿ ಅಂತ ಕೇಳಿ. ಅಲ್ಲಿಗೆ ಎಷ್ಟೋ ಸಲ ಮಾತು ನಿಲ್ಲುತ್ತದೆ.

ಪರ್ಸೆಂಟೇಜ್ ಎಷ್ಟು ಮೆದು ವಸ್ತು ಅಂತ ಗೊತ್ತಾಗಬೇಕಾದರೆ ನಮ್ಮ ರಾಜ್ಯದ ರಿಸಲ್ಟನ್ನೇ ನೋಡಿ. 2018ರಲ್ಲಿ ಎಸ್‌ಎಸ್‌ಸಿ ಫಲಿತಾಂಶ 89.41. ಮರುವರ್ಷ 77.10. ಒಂದೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರಾ? ಇಲ್ಲ. ಆ ವರ್ಷ ಪಠ್ಯ ಹೊಸದು, ಜೊತೆಗೆ ಭಾಷೆಯಂಥ ವಿಷಯಗಳಲ್ಲಿ ಶಾಲೆಯೇ ಕೊಡುತ್ತಿದ್ದ 20 ಒಳ ಅಂಕ ತೆಗೆದುಹಾಕಿದ್ದರು. ಗಲಾಟೆಯಾಯಿತು, ಅಂಕ ವಾಪಸ್ ಬಂತು, 2020ರಲ್ಲಿ ಫಲಿತಾಂಶ 95.30. ಆ ವರ್ಷ ಲಾಕ್‌ಡೌನ್‌ನಿಂದ ಭೂಗೋಳದ ಪೇಪರ್ ಕೂಡ ನಡೆಯಲಿಲ್ಲ. 2021ರಲ್ಲಂತೂ ಪರೀಕ್ಷೆಯೇ ಇಲ್ಲ, ಒಂಬತ್ತನೆಯ ಅಂಕ ಮತ್ತು ಶಾಲೆಯ ಮೌಲ್ಯಮಾಪನ ಸೇರಿಸಿ 99.95. ಅಲ್ಲಿಂದ 2023ರಲ್ಲಿ 93.83, 2025ರಲ್ಲಿ 94.10. ಈ ಏರಿಳಿತದಲ್ಲಿ ಕಲಿಕೆಗಿಂತ ಅಳತೆಯ ಪಾತ್ರವೇ ದೊಡ್ಡದು. ಹಾಗಾಗಿ ‘ಹೋದ ವರ್ಷಕ್ಕಿಂತ ಆರು ಪರ್ಸೆಂಟ್ ಜಾಸ್ತಿ’ ಅಂತ ಯಾರಾದರೂ ಬೀಗಿದರೆ, ರಾಜ್ಯದ ರಿಸಲ್ಟ್ ಆ ವರ್ಷ ಎಷ್ಟು ಏರಿತು ಅಂತ ಮೊದಲು ನೋಡುತ್ತೇನೆ.

ನನ್ನ ಮಟ್ಟಿಗೆ ಮುಂಬಯಿಯ ಪಾಲಿಕೆ ಶಾಲೆಗಳ ನಿಜವಾದ ಪರೀಕ್ಷೆ ಎಂಟನೇ ಕ್ಲಾಸು ಮುಗಿದ ದಿನ ಶುರುವಾಗುತ್ತದೆ. ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ದೇಶದಲ್ಲಿ ಇಂಥದ್ದು ಅಪರೂಪ, ಹೊಗಳಲೇಬೇಕು. ಆದರೆ ಪ್ರಾಥಮಿಕ ಶಾಲೆ ಇದ್ದಷ್ಟು ಮಾಧ್ಯಮಿಕ ಶಾಲೆ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಖಾತರಿಯೂ 6ರಿಂದ 14 ವಯಸ್ಸಿನವರೆಗೆ, ಅಂದರೆ ಎಂಟನೆಯವರೆಗೆ ಮಾತ್ರ. ಮರಾಠಿ ಮಗುವಿಗೆ ಮುಂದಿನ ಶಾಲೆ ಹೇಗೋ ಸಿಗುತ್ತದೆ. ಕನ್ನಡದಲ್ಲಿ ಎಂಟು ಓದಿದ ಮಗು ಒಂಬತ್ತನೆಗೆ ಎರಡು ರೈಲು ಬದಲಿಸಿ ಯಾವುದೋ ಅನುದಾನಿತ ಕನ್ನಡ ಹೈಸ್ಕೂಲಿಗೆ ಹೋಗಬೇಕಾಗಬಹುದು. ಇಲ್ಲವಾದರೆ ಮಾಧ್ಯಮವನ್ನೇ ಬದಲಿಸಬೇಕು. ಹದಿನಾಲ್ಕರ ಹುಡುಗಿಯನ್ನು ಒಬ್ಬಳೇ ಲೋಕಲ್ ರೈಲಿಗೆ ಹತ್ತಿಸಲು ಎಷ್ಟು ಮನೆಯವರು ಒಪ್ಪುತ್ತಾರೆ? ಎಂಟರಿಂದ ಒಂಬತ್ತಕ್ಕೆ ಎಷ್ಟು ಮಕ್ಕಳು ದಾಟಿದರು ಅನ್ನುವ ಅಂಕಿಗೆ ಮಾತ್ರ ಯಾರೂ ಬ್ಯಾನರ್ ಹಾಕುವುದಿಲ್ಲ. ಹಾಕಿದರೆ ನಾನೇ ಹೋಗಿ ಹಾರ ಹಾಕುತ್ತೇನೆ.

ಇದರಲ್ಲಿ ನಮ್ಮ ಕನ್ನಡ ಶಾಲೆಗಳ ಕಷ್ಟವೇ ಬೇರೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳ ಮಕ್ಕಳು ಅಲ್ಲಿ ಓದುತ್ತಾರೆ. ಕೆಲಸ ಮುಗಿದರೆ ಮನೆಯೇ ಎದ್ದು ಹೋಗುತ್ತದೆ. ಜಾತ್ರೆಗೆ ಅಂತ ಊರಿಗೆ ಹೋದ ಮಗು ತಿಂಗಳು ಕಳೆದರೂ ಬರುವುದಿಲ್ಲ. ಶಾಲೆ ಬಿಟ್ಟಿತೋ, ಅಲ್ಲೇ ಸೇರಿಕೊಂಡಿತೋ, ಮೊದಲೆಲ್ಲ ಯಾರಿಗೂ ತಿಳಿಯುತ್ತಿರಲಿಲ್ಲ. 2022-23ರಿಂದ ಕೇಂದ್ರ ಸರ್ಕಾರ ಶಾಲೆಗಳ ಮಾಹಿತಿ ಕೂಡಿಡುವ ಯುಡೈಸ್ ಪ್ಲಸ್‌ನಲ್ಲಿ ಒಂದೊಂದು ಮಗುವಿನ ಹೆಸರಲ್ಲೂ ಬೇರೆ ಬೇರೆ ದಾಖಲೆ ಇದೆ, ಪೆನ್ ಅಂತ ಒಂದು ಕಾಯಂ ನಂಬರೂ ಇದೆ. ಮಗು ಶಾಲೆ ಬಿಟ್ಟರೆ ಹೆಸರು ‘ಡ್ರಾಪ್ ಬಾಕ್ಸ್’ಗೆ ಹೋಗಿ ಕೂರುತ್ತದೆ. ಹೊಸ ಶಾಲೆ ಅದನ್ನು ತನ್ನ ಪಟ್ಟಿಗೆ ಎಳೆದುಕೊಳ್ಳುವವರೆಗೂ ಅಲ್ಲೇ. ಊರಿಗೆ ಹೊರಡುವ ಪಾಲಕರಿಗೆ ನಾನು ಹೇಳುವುದು ಇಷ್ಟೇ. ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ಜೊತೆ ಪೆನ್ ನಂಬರನ್ನೂ ಬರೆಸಿಕೊಂಡು ಹೋಗಿ. ಇನ್ನು ಹೆಡ್‌ಮಿಸ್‌ಗಳು ವರ್ಷಕ್ಕೊಮ್ಮೆ ಆ ಡ್ರಾಪ್ ಬಾಕ್ಸ್ ತೆರೆದು ಒಬ್ಬೊಬ್ಬರ ಮನೆಗೂ ಫೋನ್ ಮಾಡಿದರೆ, ಅದು ಯಾವ ವಾರ್ಷಿಕ ವರದಿಗಿಂತಲೂ ಹೆಚ್ಚು ಹೇಳುತ್ತದೆ.

ಎಂಟನೆಯಲ್ಲಿ ಮಕ್ಕಳು ಉದುರಬಾರದು ಅಂತಲೇ ಇರುವ ಸ್ಕಾಲರ್‌ಶಿಪ್ ಎನ್‌ಎಂಎಂಎಸ್. 2008ರಲ್ಲಿ ಶುರುವಾದದ್ದು. ಎಂಟನೇ ಕ್ಲಾಸಲ್ಲಿ ಪರೀಕ್ಷೆ, ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದೊಳಗೆ ಇರಬೇಕು. ಸರ್ಕಾರಿ, ಪಾಲಿಕೆ, ಅನುದಾನಿತ ಶಾಲೆಯ ಮಕ್ಕಳಿಗಷ್ಟೇ. ಎಷ್ಟು ಮಕ್ಕಳು ಗೆದ್ದರು ಅನ್ನುವುದಕ್ಕಿಂತ ಎಷ್ಟು ಮಕ್ಕಳನ್ನು ಕೂರಿಸಿದಿರಿ ಅಂತ ಕೇಳುವುದು ಒಳ್ಳೆಯದು. ಆದಾಯದ ದಾಖಲೆ ತರಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಹಿಂದೆ ಉಳಿಯುವ ಜಾಣ ಮಕ್ಕಳಿದ್ದಾರೆ. ಆ ದಾಖಲೆಗೆ ಜೂನ್‌ನಲ್ಲೇ ಅರ್ಜಿ ಹಾಕಿಸಬೇಕು.

ದೇಶದ ಮಟ್ಟದ ಸಮೀಕ್ಷೆಗಳನ್ನೂ ಕೆಲವರು ಶಾಲೆಯ ಸಾಧನೆಯಂತೆ ತೋರಿಸುತ್ತಾರೆ. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್‌ನಲ್ಲಿ ಮೂರು, ಆರು, ಒಂಬತ್ತನೆಯವರಿಗೆ ನಡೆದ ಪರಖ್, ಇವೆಲ್ಲ ಕೆಲವು ಶಾಲೆಗಳನ್ನು ಆರಿಸಿ ಜಿಲ್ಲೆಯ ಸ್ಥಿತಿ ಹೇಳುವಂಥವು. ನಿಮ್ಮ ಗಲ್ಲಿಯ ಶಾಲೆಯ ಬಗ್ಗೆ ಅವು ಏನೂ ಹೇಳುವುದಿಲ್ಲ. ಅದಕ್ಕಿಂತ ಮೂರನೇ ಕ್ಲಾಸಿನ ಮಗುವಿನ ಕೈಗೆ ಬಾಲಭಾರತಿಯ, ಅಂದರೆ ರಾಜ್ಯದ ಪಠ್ಯಪುಸ್ತಕ ಮಂಡಳಿಯ, ಎರಡನೇ ಕ್ಲಾಸಿನ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ.

ಇದನ್ನೆಲ್ಲ ಕೇಳಲು ಪಾಲಕರಿಗೆ ಜಾಗ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಕಾಗದದಲ್ಲಿ ಇರುತ್ತಾರೆ ಕೂಡ. ಆದರೆ ಮೀಟಿಂಗ್ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ದಿನಗೂಲಿಯ ತಾಯಿ ಬರುವುದಾದರೂ ಹೇಗೆ? ಆಮೇಲೆ ರಿಜಿಸ್ಟರ್ ಮನೆಗೆ ಬಂದಾಗ ಸಹಿ ಹಾಕುತ್ತಾಳೆ, ಅಷ್ಟೇ. ಮೊದಲು ಮೀಟಿಂಗನ್ನು ಸಂಜೆಗೆ ಇಡಿ ಅಂತ ಅರ್ಜಿ ಕೊಡಿ. ಆಮೇಲೆ ಜುಲೈ ಮೀಟಿಂಗ್‌ನಲ್ಲಿ ಮೂರು ವರ್ಷದ ಅಂಕಿ ಕೇಳಿ. ಎಂಟರಲ್ಲಿ ಎಷ್ಟು, ಒಂಬತ್ತರಲ್ಲಿ ಎಷ್ಟು, ಹತ್ತಕ್ಕೆ ಕೂತವರು ಎಷ್ಟು. ಶಾಲೆಯ ದಾಖಲೆಗಳಲ್ಲಿ ಎಲ್ಲ ಇರುತ್ತದೆ, ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.