ಚಿತ್ರದುರ್ಗದ ಕೋಟೆ: ಬಾಗಿಲಿನ ತಿರುವು, ಹೊಂಡದ ನೀರು

ವಾಸ್ತುಶಿಲ್ಪ ಅಂದಕೂಡಲೇ ನಮ್ಮ ಬ್ಯಾಚಿನವರಿಗೆ ನೆನಪಾಗುವುದು ಬೇಲೂರಿನ ಶಿಲಾಬಾಲಿಕೆ, ಹಂಪಿಯ ಕಲ್ಲಿನ ರಥ. ಅದೇ ಕಣ್ಣು ಇಟ್ಟುಕೊಂಡು ದುರ್ಗದ ಕೋಟೆ ಹತ್ತಿದರೆ ನಿರಾಸೆಯಾಗುತ್ತದೆ; ಮೊದಲ ಸಲ ನನಗೂ ಆಗಿತ್ತು. ಇಲ್ಲಿ ಕೆತ್ತನೆ ಕಡಿಮೆ. ದಾರಿ ಎಲ್ಲಿ ತಿರುಗುತ್ತದೆ, ನೀರು ಎಲ್ಲಿಗೆ ಇಳಿಯುತ್ತದೆ ಅನ್ನುವುದನ್ನು ನೋಡುತ್ತ ಹೋದರೆ ಮಾತ್ರ ಕೋಟೆ ಅರ್ಥವಾಗುತ್ತದೆ.

ಮೊದಲು ಕಾಲ. ಹೊಯ್ಸಳರ ಕಾಲದಲ್ಲಿ ಊರಿನ ಹೆಸರು ಬೆಮ್ಮತ್ತನಕಲ್ಲು. 16ನೇ ಶತಮಾನದಲ್ಲಿ, ವಿಜಯನಗರದ ಅಧೀನದಲ್ಲಿ, ತಿಮ್ಮಣ್ಣ ನಾಯಕನಿಂದ ಪಾಳೆಯಗಾರರ ಆಳ್ವಿಕೆ ಶುರುವಾಯಿತು. 1779ರಲ್ಲಿ ಕೊನೆಯ ಮದಕರಿ ನಾಯಕ ಹೈದರಾಲಿಗೆ ಸೆರೆಯಾದ. ಹೈದರ್, ಟಿಪ್ಪು ಕಾಲದಲ್ಲೂ ಕೋಟೆಯ ಕೆಲಸ ನಡೆಯಿತು. ಹಾಗಾಗಿ 'ಕೋಟೆ ಕಟ್ಟಿಸಿದವರು ಯಾರು' ಅನ್ನುವ ಒಂದು ಅಂಕದ ಪ್ರಶ್ನೆಗೆ ಒಂದೇ ಹೆಸರು ಬರೆದರೆ ಅದು ಅರ್ಧ ಉತ್ತರ.

ಏಳು ಸುತ್ತಿನ ಕೋಟೆ ಅನ್ನುತ್ತೇವೆ. ಕೆಳಗಿನ ಸುತ್ತುಗಳು ಇವತ್ತು ಪೇಟೆಯ ಮನೆ, ಅಂಗಡಿಗಳ ನಡುವೆ ಸೇರಿಹೋಗಿವೆ. ರಂಗಯ್ಯನ ಬಾಗಿಲಿನಂಥವು ಅಲ್ಲಲ್ಲಿ ಉಳಿದಿವೆ. ಮೇಲಿನ ಸುತ್ತುಗಳು ಬೆಟ್ಟವನ್ನೇ ಹಿಡಿದುಕೊಂಡಿವೆ. ಹತ್ತೊಂಬತ್ತು ಅಗಸೆ (ದೊಡ್ಡ ಬಾಗಿಲು), ಮೂವತ್ತೆಂಟು ದಿಡ್ಡಿ (ಸಣ್ಣ ಬಾಗಿಲು) ಎಂದು ಲೆಕ್ಕ ಹೇಳುತ್ತಾರೆ. ಎಣಿಸಲು ಹೋಗಬೇಡಿ, ಒಂದೇ ಒಂದು ಬಾಗಿಲಿನ ಮುಂದೆ ಹತ್ತು ನಿಮಿಷ ನಿಲ್ಲಿ ಸಾಕು.

ಆ ಹತ್ತು ನಿಮಿಷದಲ್ಲಿ ಕಾಣುವುದು ಇದು. ದೂರದಿಂದ ಗೋಡೆ ಮಾತ್ರ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ. ಗೋಡೆ ಬಳಸಿಕೊಂಡು ಬಂದಮೇಲೆ ಥಟ್ಟನೆ ಎದುರಾಗುತ್ತದೆ. ಆನೆ ಬಾಗಿಲಿಗೆ ಗುದ್ದಬೇಕಾದರೆ ನೇರ ಓಟ ಬೇಕು, ಇಲ್ಲಿ ಆ ಓಟಕ್ಕೆ ಜಾಗವೇ ಇಲ್ಲ. ತಿರುಗಿ ನಿಲ್ಲುವಷ್ಟರಲ್ಲಿ ಶತ್ರುವಿನ ಪಕ್ಕೆ ಕೊತ್ತಳದ ಮೇಲಿನವರ ಕಣ್ಣಿಗೆ ಬಿದ್ದಿರುತ್ತದೆ. ಒಂದು ಬಾಗಿಲು ಮುರಿದು ಒಳಬಂದರೂ ಮುಂದಿನದು ಅದರ ನೇರಕ್ಕಿಲ್ಲ, ಮತ್ತೆ ತಿರುಗಬೇಕು. ಗೋಡೆಯ ಕಲ್ಲುಗಳ ಜೋಡಣೆಯನ್ನೂ ಹತ್ತಿರದಿಂದ ನೋಡಿ. ದಪ್ಪ ಕಲ್ಲುಗಳನ್ನು ಗಾರೆಯಿಲ್ಲದೆ, ಒಂದರ ಅಂಚಿಗೆ ಇನ್ನೊಂದನ್ನು ಕಡಿದು ಕೂರಿಸಿದ್ದಾರೆ. ಬಂಡೆ ಸಿಕ್ಕಲ್ಲಿ ಗೋಡೆ ನಿಲ್ಲಿಸಿ, ಬಂಡೆ ಮುಗಿದಲ್ಲಿ ಮತ್ತೆ ಶುರು ಮಾಡಿದ್ದಾರೆ. ಅರ್ಧ ಕೆಲಸ ಬೆಟ್ಟದ್ದೇ.

ಇದರಲ್ಲಿ ಒಂದು ತೊಡಕೂ ಇದೆ. ಬಂಡೆಯನ್ನೇ ಗೋಡೆ ಮಾಡಿಕೊಂಡರೆ ಬಂಡೆಗಳ ನಡುವಿನ ಸಂದುಗಳನ್ನೂ ಕಾಯಬೇಕು. ಓಬವ್ವನ ಕಿಂಡಿ ಅಂಥದ್ದೊಂದು ಸಂದು, ಒಬ್ಬೊಬ್ಬರೇ ಬಗ್ಗಿ ನುಸುಳುವಷ್ಟು ಮಾತ್ರ. ಊಟಕ್ಕೆ ಕೂತ ಕಾವಲುಗಾರ ಗಂಡನಿಗೆ ನೀರು ತರಲು ಹೋದಾಗ ಓಬವ್ವ ಹೈದರಾಲಿಯ ಸೈನಿಕರನ್ನು ಕಂಡಳು, ಒನಕೆ ಹಿಡಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಆ ನೀರಿನ ತಾಣ, ತಣ್ಣೀರು ದೋಣಿ, ಕಿಂಡಿಯ ಹತ್ತಿರವೇ ಇದೆ. ಕಿಂಡಿ ನೋಡಿ ಫೋಟೊ ತೆಗೆದು ಹೊರಟುಬಿಡುವವರು ದೋಣಿಯನ್ನು ತಪ್ಪಿಸಿಕೊಳ್ಳುತ್ತಾರೆ.

ಇನ್ನು ನೀರು. ಮಳೆ ಕಡಿಮೆ ಬೀಳುವ ಬಯಲುಸೀಮೆಯಲ್ಲಿ ಬೆಟ್ಟದ ಮೇಲೆ ಮುತ್ತಿಗೆ ತಡೆದು ಕೂರಬೇಕಾದರೆ ನೀರಿಲ್ಲದೆ ಆಗದು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಆ ಹರಿವಿಗೆ ಮೆಟ್ಟಿಲು ಮೆಟ್ಟಿಲಾಗಿ ತಡೆ ಹಾಕಿದ್ದಾರೆ, ಅಷ್ಟೇ. ನನ್ನ ಲೆಕ್ಕದಲ್ಲಿ ಕೋಟೆಯ ಅತಿ ಜಾಣ ಕಟ್ಟಡ ಯಾವುದೇ ಕೊತ್ತಳವಲ್ಲ, ಈ ಹೊಂಡಗಳ ಸಾಲು.

ದೇವಾಲಯಗಳಲ್ಲಿ ಹಿಡಿಂಬೇಶ್ವರ ಬಂಡೆಗೇ ಅಂಟಿಕೊಂಡ ಗುಡಿ. ಸಂಪಿಗೆ ಸಿದ್ಧೇಶ್ವರ ಪಾಳೆಯಗಾರರ ಪಟ್ಟಾಭಿಷೇಕದ ತಾಣ. ಏಕನಾಥೇಶ್ವರಿಯ ಗುಡಿಯ ಬಳಿ ದೀಪಸ್ತಂಭ, ಉಯ್ಯಾಲೆ ಕಂಬ ನೋಡಿ. ಸಿಡಿಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು ಗುಂಡಿಯೊಳಗಿವೆ. ಅರಮನೆ, ಕಣಜ ಇದ್ದ ಕಡೆ ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ. ಕಲ್ಲಿನ ರಾಶಿಯ ನಡುವೆ ರಾಜನ ಮನೆ ಮಣ್ಣಿನದ್ದು ಎನ್ನುವುದನ್ನು ನೋಟ್ಸಿನಲ್ಲಿ ಅಡಿಗೆರೆ ಹಾಕಿಕೊಳ್ಳಿ.

ಸಮಯ ಉಳಿದರೆ ಹತ್ತಿರದ ಚಂದ್ರವಳ್ಳಿಗೆ ಹೋಗಿ. ಕದಂಬ ಮಯೂರಶರ್ಮನ ಶಾಸನ, ಅಂಕಲಿ ಮಠದ ನೆಲದೊಳಗಿನ ಕತ್ತಲೆ ಕೋಣೆಗಳು ಅಲ್ಲಿವೆ. ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.

ಬೆಳಿಗ್ಗೆಯೇ ಹತ್ತಿ, ಹನ್ನೊಂದರ ಮೇಲೆ ಬಂಡೆ ಕಾದ ಹೆಂಚು. ಇಳಿಯುವಾಗ ಬಾಗಿಲಿನ ಮೇಲ್ಗಡೆ ಎಲ್ಲಾದರೂ ನಿಂತು, ಕೆಳಗಿನಿಂದ ಬರುವ ಒಬ್ಬರನ್ನು ಗುರುತು ಹಿಡಿದು ನೋಡುತ್ತಿರಿ. ನಾನು ಕೆಂಪು ಟೋಪಿಯ ಹುಡುಗನೊಬ್ಬನನ್ನು ಆರಿಸಿಕೊಂಡಿದ್ದೆ. ಗೋಡೆಯ ಮರೆಗೆ ಹೋದ, ಬಂದ, ಮತ್ತೆ ಹೋದ. ನನ್ನ ಹತ್ತಿರ ತಲುಪುವಷ್ಟರಲ್ಲಿ ಮೂರು ಸಲ ಅವನ ಬೆನ್ನು ನನ್ನ ಕಡೆಗಿತ್ತು.